ಫ್ಯಾಮಿಲಿ ಎಷ್ಟು ಜನ?

"ಫ್ಯಾಮಿಲಿ ಎಷ್ಟು ಜನ, ಮೇಡಂ?" ವೀಸಾ ಅರ್ಜಿ ತುಂಬುವ ಟೈಪಿಂಗ್ ಸೆಂಟರಿನ ಸಿದ್ದೀಗ್ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದ.

"ಒಬ್ಬಳು. ಮಗಳು," ಎಂದಳು ರಿಹಾಬ್.

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ವಗ್ದಿ ನಕ್ಕುಬಿಟ್ಟ. "ನೋಡಪ್ಪಾ, ಕಟ್ಟಿಕೊಂಡ ಗಂಡನನ್ನೇ ಮರೆತಳು! ಇಬ್ಬರು ಅಂತ ಹೊಡಿ."

"ಒಬ್ಬಳು," ಎಂದಳು ರಿಹಾಬ್ ಮತ್ತೆ, ಅದೇ ದನಿಯಲ್ಲಿ. "ಇವರದ್ದು ಕ್ಯಾನ್ಸಲ್ ಮಾಡಿ."

ಸಿದ್ದೀಗನ ಬೆರಳುಗಳು ನಿಂತವು. ಖಾರ್ತೂಮಿನ ಕಡೆಯ ಆ ಮುದುಕ ಅಜ್ಮಾನಿನ ಆ ಬೀದಿಯವರೆಲ್ಲರ ಕಾಗದಪತ್ರ ನೋಡಿಕೊಂಡವನು. ರಿಹಾಬ್ ಇಲ್ಲಿನ ಶಾಲೆ ಬಿಟ್ಟು ಅಲ್ ಐನ್‌ನ ದೊಡ್ಡ ಶಾಲೆಗೆ ಗಣಿತದ ಟೀಚರಾಗಿ ಹೊರಟಿದ್ದಳು. ಹಳೆಯ ಶಾಲೆಯ ವೀಸಾ ರದ್ದಾಗಿ ಹೊಸ ಶಾಲೆಯದ್ದು ಬರುವ ತನಕ, ಅವಳ ವೀಸಾಕ್ಕೆ ಜೋತುಬಿದ್ದ ಮನೆಯವರದ್ದನ್ನು ಹೋಲ್ಡ್ ಮಾಡಿಸಿಡಬೇಕು; ಆಮೇಲೆ ಹೊಸದಕ್ಕೆ ಸೇರಿಸಬೇಕು. ಹೋಲ್ಡ್ ಆಗದವರು ದೇಶ ಬಿಡಬೇಕು. ಇದನ್ನು ಅಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ.

"ಅಬೂ ಯುಮ್ನಾ, ಮನೆಗೆ ಹೋಗಿ ಒಂದ್ಸಲ ಕೂತು ಮಾತಾಡಿ. ನಾಳೆ ಬಂದ್ರಾಯ್ತು," ಎಂದ ಸಿದ್ದೀಗ್, ವಗ್ದಿಯನ್ನು 'ಯುಮ್ನಾಳ ಅಪ್ಪ' ಎಂದು ಮಗಳ ಹೆಸರು ಹಿಡಿದು ಕರೆಯುತ್ತ. "ಒಂದ್ಸಲ ಕ್ಯಾನ್ಸಲ್ ಆದ್ರೆ ಆಮೇಲೆ ನನ್ನ ಕೈಲಿ ಏನೂ ಇರಲ್ಲ."

"ಮಾತಾಡೋದಕ್ಕೇನಿದೆ? ನನಗೆ ಪೇಪರ್ ತಿದ್ದೋದಿದೆ. ಹೊಡೀರಿ," ಎಂದಳು ರಿಹಾಬ್.

ಗುರುತಿನ ಕಾರ್ಡು ಕೇಳಿದಾಗ ವಗ್ದಿ ತಾನೇ ಪರ್ಸಿನಿಂದ ತೆಗೆದು ಕೊಟ್ಟ. ಕೊಡದೆ ಇರಬಹುದಿತ್ತು ಎಂಬುದು ಅವನಿಗೆ ಹೊಳೆದದ್ದು ಮೆಟ್ಟಿಲಿಳಿದ ಮೇಲೆ.

ಕಾರು ಅವನೇ ಓಡಿಸಿದ. ಟೈಲ್ಸ್ ಅಂಗಡಿ ಮುಚ್ಚಿ ಲೆಕ್ಕಪತ್ರದ ಕೆಲಸ ಹೋಗಿ, ಹೆಂಡತಿಯ ವೀಸಾಕ್ಕೆ ಸೇರಿದ ಮೇಲೆ ಅವನ ಕೆಲಸವೆಂದರೆ ಇದೇ ಆಗಿತ್ತು: ಹೆಂಡತಿಯನ್ನು ಬಿಡುವುದು, ಮಗಳನ್ನು ಕರೆತರುವುದು, ಅವಳ ಅಬಾಯಾ ನಿಲುವಂಗಿಗಳಿಗೆ ಇಸ್ತ್ರಿ ಹಾಕುವುದು, ಅಡುಗೆ. ಮೊದಮೊದಲು ನಾಚಿಕೆಯಿಂದ ಕಿಟಕಿಯ ಪರದೆ ಎಳೆದು ಪಾತ್ರೆ ತೊಳೆಯುತ್ತಿದ್ದವನು, ಈಗ ಮೀನು ಮಾರುಕಟ್ಟೆಯಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡುವಷ್ಟು ಪಳಗಿದ್ದ. ಹೀಗೇ ಮುದುಕನಾಗುತ್ತೇನೆ ಎಂದುಕೊಂಡು ಹಾಯಾಗಿದ್ದ.

ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದ. "ದಮನ್‌ಹೂರಿನ ಸೇಡಾ ಇದು?"

ರಿಹಾಬ್ ಮೊಬೈಲ್ ನೋಡುತ್ತಿದ್ದಳು.

ಹಲವು ವರ್ಷಗಳ ಹಿಂದಿನ ಮಾತು; ಆಗ ಯುಮ್ನಾ ಕೈಗೂಸು. ವೀಸಾ ವಗ್ದಿಯದ್ದಾಗಿತ್ತು, ತಾಯಿ ಮಗು ಅದಕ್ಕೆ ಜೋತುಬಿದ್ದವರು. ಅವನೂ ಕಂಪನಿ ಬದಲಾಯಿಸಿದ್ದ. ಸ್ವಂತ ಊರು ದಮನ್‌ಹೂರಿನಲ್ಲಿ ಅವನ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. "ಒಂದಾರು ತಿಂಗಳು ಹೋಗಿ ನೋಡಿಕೋ, ಅಷ್ಟರಲ್ಲಿ ಹೊಸ ವೀಸಾ ಕಳಿಸ್ತೀನಿ," ಎಂದು ಹೆಂಡತಿ ಮಗುವನ್ನು ವಿಮಾನ ಹತ್ತಿಸಿದ. ಕಳಿಸಲಿಲ್ಲ. ಕಳಿಸಬಾರದೆಂದೇನೂ ಇರಲಿಲ್ಲ; ಶಾರ್ಜಾದಲ್ಲಿ ಗೆಳೆಯರೊಂದಿಗೆ ಕೋಣೆ ಮಾಡಿಕೊಂಡಿದ್ದ, ಸಂಜೆ ಇಸ್ಪೀಟು, ಶುಕ್ರವಾರ ಸಮುದ್ರ. ತಾಯಿ ಸಾಯುವವರೆಗೆ ನಾಲ್ಕು ವರ್ಷ ರಿಹಾಬ್ ಅವಳ ಮಲಮೂತ್ರ ಬಳಿದಳು. ರಾತ್ರಿ ಕೂತು ಬಿ.ಎಡ್. ಮುಗಿಸಿದಳು. ತನ್ನ ಕೆಲಸ ತಾನೇ ಹುಡುಕಿ ಈ ದೇಶಕ್ಕೆ ಬಂದಳು.

"ತಪ್ಪಾಯ್ತು ಅಂತ ಅವತ್ತೇ ಹೇಳಿದ್ದೆ," ಎಂದ ವಗ್ದಿ.

"ಹಸಿರು ಬಂತು, ಹೊರಡು." ಅವಳು ಮೊಬೈಲನ್ನು ಚೀಲಕ್ಕೆ ಹಾಕಿದಳು. "ಸೇಡೂ ಇಲ್ಲ, ಮಣ್ಣೂ ಇಲ್ಲ. ಸೇಡು ತೀರಿಸಿಕೊಳ್ಳೋಕೆ ನಿನ್ನ ಬಗ್ಗೆ ಯೋಚನೆ ಮಾಡ್ತಾ ಕೂತಿರಬೇಕು. ನನಗೆಲ್ಲಿದೆ ಪುರಸೊತ್ತು? ಹೋದ ಚಳಿಗಾಲ ನೀನು ಆಸ್ಪತ್ರೇಲಿದ್ದೆಯಲ್ಲ, ಕಿಡ್ನಿ ಕಲ್ಲು ತೆಗೆಸಿಕೊಂಡು? ಮನೆಗೆ ಬಂದೆ, ಶೂ ಬಿಚ್ಚಿದೆ, ಕೂತೆ. ಎಷ್ಟು ಚೆನ್ನಾಗಿತ್ತು, ವಗ್ದಿ. ಅಷ್ಟೇ."

ಅವನು ಮನೆಯವರೆಗೆ ಕಾರು ಓಡಿಸಿದ. ಅವಳು ಬೈದಿದ್ದರೆ ಕೈಮುಗಿಯಬಹುದಿತ್ತು.

ಮಗಳೊಬ್ಬಳೇ ಉಳಿದ ದಾರಿ. ಮರುದಿನ ಶಾಲೆಯಿಂದ ಕರೆತರುವಾಗ, ಅವಳಿಗಿಷ್ಟವೆಂದು ಮಾವಿನ ರಸ ಕೊಡಿಸಿ, ಕಾರು ಕಡಲ ಬದಿಗೆ ನಿಲ್ಲಿಸಿದ. ಯುಮ್ನಾ ಆಗಲೇ ತಾಯಿಯಷ್ಟು ಎತ್ತರ.

"ಅಮ್ಮಂಗೆ ಒಂದು ಮಾತು ಹೇಳು ಪುಟ್ಟಾ. ನೀನು ಹೇಳಿದ್ರೆ ಕೇಳ್ತಾಳೆ. ಬಾಬಾ ಇಲ್ದೆ ನನಗಾಗಲ್ಲ ಅನ್ನು."

ಯುಮ್ನಾ ಸ್ಟ್ರಾ ಕಚ್ಚುತ್ತ ಹೊರಗೆ ನೋಡಿದಳು. "ಅಮ್ಮ ನನ್ನನ್ನ ಕೇಳಿದ್ಲು ಬಾಬಾ. ಮೊದಲೇ."

"ಕೇಳಿದ್ಲಾ? ನೀನೇನಂದೆ?"

"ನಿನ್ನಿಷ್ಟ ಅಂದೆ."

"ಯಾಕೆ? ನಾನೇನು ಮಾಡಿದೆ ನಿಂಗೆ?" ಹಳೆಯದೆಲ್ಲ ಅವನಿಗೆ ನೆನಪಾಯಿತು. ಕೈಗೂಸನ್ನು ಬಿಟ್ಟಿದ್ದು, ಹುಟ್ಟುಹಬ್ಬಗಳಿಗೆ ಫೋನು ಮರೆತಿದ್ದು. ಕ್ಷಮೆ ಕೇಳಲು ಅವನು ಸಿದ್ಧನಾಗಿದ್ದ.

"ಏನೂ ಮಾಡಿಲ್ಲ. ನೀನು ಆ ಮನೆ ಚಪ್ಪಲೀಲೇ ಶಾಲೆ ಗೇಟಿನ ಹತ್ರ ಬಂದು ನಿಲ್ತೀಯ. ಕೈಯೆಲ್ಲ ಬೆಳ್ಳುಳ್ಳಿ ವಾಸನೆ. ನಿಮ್ಮ ಡ್ರೈವರಾ ಅಂತ ಕೇಳ್ತಾರೆ." ಅವಳು ಸೇರಿಸಿದಳು, "ಹೌದು ಅಂತ ಹೇಳಿದೀನಿ. ಹೊಸ ಶಾಲೇಲಿ ಮತ್ತೆ ಹಾಗೆ ಹೇಳೋಕೆ ನನಗಿಷ್ಟ ಇಲ್ಲ."

ಅಷ್ಟು ಹೇಳಿ ರಸ ಮುಗಿಸಿದಳು. ತಳದಲ್ಲಿ ಸ್ಟ್ರಾ ಗೊರಗೊರ ಸದ್ದು ಮಾಡಿತು.

ಉಳಿದ ದಿನಗಳಲ್ಲಿ ವಗ್ದಿ ಅಡುಗೆ ಮಾಡಿದ. ಮುಲುಖಿಯಾ ಸೊಪ್ಪು ಬಿಡಿಸಿ ಹೆಚ್ಚಿದ, ಎಲೆಕೋಸಿನ ಎಲೆಗಳಲ್ಲಿ ಅನ್ನ ಸುತ್ತಿದ, ಕೋಳಿ ಬೇಯಿಸಿ ಸಾರು ಸೋಸಿದ. ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿ ಒತ್ತೊತ್ತಾಗಿ ಜೋಡಿಸಿದ. ತಾಯಿ ಮಗಳು ಅವನು ಬಡಿಸಿದ್ದನ್ನು ಉಣ್ಣುತ್ತ ಅಲ್ ಐನ್‌ನ ಮನೆಗೆ ಯಾವ ಬಣ್ಣದ ಪರದೆ ಎಂದು ಮಾತಾಡಿಕೊಂಡರು. ನಿಂಬೆಹಣ್ಣು ಬೇಕಾದಾಗ ಕೇಳಿದರು. ಹೊರಡುವ ಹಿಂದಿನ ದಿನ ಫ್ರೀಜರ್ ತೆಗೆದು ನೋಡಿದ ರಿಹಾಬ್ ಹಣೆ ಚಚ್ಚಿಕೊಂಡಳು.

"ಇದನ್ನೆಲ್ಲ ಯಾರು ಹೊರೋರು? ಫ್ರಿಜ್ ಮಾರಿ ಆಗಿದೆ, ನಾಳೆ ಬಂದು ಒಯ್ತಾರೆ. ವಾಚ್‌ಮನ್‌ಗೆ ಕೊಟ್ಟುಬಿಡು."

ಅವನೇ ಎರಡು ಸಲ ಲಿಫ್ಟಿನಲ್ಲಿ ಇಳಿದು ಕೊಟ್ಟು ಬಂದ.

ದಮನ್‌ಹೂರಿನಲ್ಲಿ ತಾಯಿಯ ಮನೆ ಈಗ ಅಕ್ಕ ಕರೀಮಾಳದ್ದು. ಅವಳು ಬಾಗಿಲಲ್ಲೇ ಅವನ ಸೂಟ್‌ಕೇಸನ್ನು ಕಾಲಿನಿಂದ ಒಳಗೆ ದೂಡಿದಳು.

"ಬಾರಪ್ಪಾ ದುಬೈ ದೊರೆ. ಗಂಡನ ಮನೆಯಿಂದ ಓಡಿಸಿಕೊಂಡು ಬರೋ ಹೆಂಗಸರನ್ನ ನೋಡಿದೀನಿ. ಹೆಂಡತಿ ಓಡಿಸಿದ ಗಂಡನ್ನ ಇವತ್ತೇ ನೋಡಿದ್ದು. ಅಕ್ಕಪಕ್ಕದವರು ಕೇಳಿದ್ರೆ ರಜೆ ಅಂತ ಹೇಳು, ನನ್ನ ಮಾನ ಕಳೀಬೇಡ." ತಾಯಿ ಮಲಗುತ್ತಿದ್ದ ಕೋಣೆಯಲ್ಲೇ ಅವನಿಗೆ ಹಾಸಿದಳು. ತಾಯಿ ಹಿಡಿದೇಳಲೆಂದು ಗೋಡೆಗೆ ಬಡಿದಿದ್ದ ಕಬ್ಬಿಣದ ಕಂಬಿ ಇನ್ನೂ ಇತ್ತು. ರಿಹಾಬ್ ಹಾಕಿಸಿದ್ದು.

ರಂಜಾನಿನ ಹಿಂದಿನ ವಾರ ಯುಮ್ನಾ ವಿಡಿಯೋ ಕಾಲ್ ಮಾಡಿದಳು. ಹೊಸ ಮನೆ ತೋರಿಸಿದಳು: ತನ್ನ ಕೋಣೆ, ಪರದೆ, ಬಾಲ್ಕನಿಯಿಂದ ಕಾಣುವ ಖರ್ಜೂರದ ತೋಟ. "ಚೆನ್ನಾಗಿದೆ, ಚೆನ್ನಾಗಿದೆ," ಎನ್ನುತ್ತ ಹೋದ ವಗ್ದಿ. ಅಷ್ಟರಲ್ಲಿ ರಿಹಾಬ್ ಏನಕ್ಕೋ ಕರೆದಳು. "ಒಂದ್ನಿಮಿಷ ಬಾಬಾ," ಎಂದು ಯುಮ್ನಾ ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲೆ ಅಂಗಾತ ಇಟ್ಟು ಹೋದಳು.

ತೆರೆಯ ಮೇಲೆ ಬಿಳಿ ಚಾವಣಿ, ಒಂದು ಕಪಾಟಿನ ಅಂಚು. ಯುಮ್ನಾ ಮರಳಿ ಬರಲಿಲ್ಲ. ತಟ್ಟೆ ಇಟ್ಟ ಸದ್ದು, ಏನೋ ಎಣ್ಣೆಗೆ ಬಿದ್ದ ಸದ್ದು. ರಿಹಾಬ್ ಯಾರದ್ದೋ ದನಿ ಅಣಕಿಸಿ ಏನೋ ಹೇಳಿದಳು, ತಾಯಿ ಮಗಳಿಬ್ಬರೂ ನಕ್ಕರು. ರಿಹಾಬ್ ಇಷ್ಟು ಜೋರಾಗಿ ನಗುತ್ತಾಳೆಂದು ವಗ್ದಿಗೆ ಗೊತ್ತಿರಲಿಲ್ಲ.

"ಯಾರ ಜೊತೇನೋ ಅದು? ಏಳು, ಊಟ ಆರಿಹೋಗ್ತಿದೆ!" ಕರೀಮಾ ಬಾಗಿಲಿಗೆ ಬಂದು ಕೂಗಿದಳು.

ವಗ್ದಿ ತುಟಿಯ ಮೇಲೆ ಬೆರಳಿಟ್ಟು ಅಕ್ಕನನ್ನು ಸುಮ್ಮನಿರಿಸಿದ. ಮೊಬೈಲನ್ನು ಕಿವಿಗೆ ಇನ್ನಷ್ಟು ಹತ್ತಿರ ಹಿಡಿದು, ತನ್ನ ಉಸಿರೂ ಆ ಕಡೆ ಕೇಳಿಸದ ಹಾಗೆ ಬಾಯಿ ಮುಚ್ಚಿಕೊಂಡು ಕೂತ.