ಆರೂವರೆ ಸಾವಿರ ಕಿಲೋಮೀಟರ್

ಯಶವಂತನಗರದ ಅದಿರು ಲಾರಿ ಆಫೀಸಿನ ಕೊಟ್ರಬಸಪ್ಪ ಯಾರ ಮಾತನ್ನೂ ನಂಬುವ ಪೈಕಿಯಲ್ಲ. ನಂಬಿದ್ದರೆ ಆ ಕೆಲಸದಲ್ಲಿ ಇಷ್ಟು ವರ್ಷ ಬಾಳುತ್ತಲೂ ಇರಲಿಲ್ಲ, ಬಿಡಿ. ಡ್ರೈವರ್ ಫೋನಿನಲ್ಲಿ "ಹೊಸಪೇಟೆ ದಾಟೀನ್ರಿ" ಎಂದರೆ, ಅವನು ಇನ್ನೂ ಸಂಡೂರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾನೆ ಎಂದೇ ಅರ್ಥ. ಹೇಳಿದ ಹೊತ್ತಿಗೆ ಒಂದಕ್ಕೆರಡು ಹಾಕಿ ಕಾಯುವುದು ಕೊಟ್ರಬಸಪ್ಪನ ರೂಢಿ.

ಅವನ ಅಕ್ಕ ಅಕ್ಕನಾಗಮ್ಮ ತೀರಿಕೊಂಡಳು. ಒಬ್ಬಳೇ ಮಗಳು ಸೌಜನ್ಯ ಇರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಗಂಡ ಅಲ್ಲಿಯ ಗಣಿಯಲ್ಲಿ ಮೆಕ್ಯಾನಿಕ್. ಸುದ್ದಿ ಕೇಳಿದವಳೇ ಏರ್‌ಪೋರ್ಟಿಗೆ ಓಡುತ್ತಾ ಮಾವನಿಗೆ ಫೋನು ಮಾಡಿದಳು. "ನಾಳೆ ಹೊತ್ತು ಮುಳುಗೋದ್ರೊಳಗ ಬರ್ತೀನ್ರಿ ಮಾವ. ಅವ್ವನ ಮುಖ ನೋಡಬೇಕು. ಅಲ್ಲಿತನ ಮಣ್ಣು ಮಾಡಬ್ಯಾಡ್ರಿ."

ಮರುದಿನ ಅಕ್ಕನಾಗಮ್ಮನನ್ನು ಪದ್ಧತಿಯಂತೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ಬಿಸಿಲು ಏರಿತು. ಐಸ್ ಪೆಟ್ಟಿಗೆ ತರಿಸೋಣವೆಂದು ಪಕ್ಕದ ಮನೆಯ ಮಲ್ಲೇಶ್ ಅಂದ. "ಕುಂದ್ರಿಸಿದವರನ್ನ ಮತ್ತ ಹೆಂಗ ಮಲಗಿಸ್ತೀಯಪಾ?" ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. ಅಲ್ಲಿಗೆ ಆ ಮಾತು ನಿಂತಿತು.

"ಕೊಟ್ರಬಸಪ್ಪ, ದಾರಿ ಲೆಕ್ಕ ನಿನಗ ಗೊತ್ತು. ಕಾಯೋಣೇನು?" ಎಂದು ಭಾವ ಗಾದಿಲಿಂಗಪ್ಪ ಕೇಳಿದ.

ಮಲ್ಲೇಶ್ ಮೊಬೈಲ್ ನೋಡಿ ಹೇಳಿದ: "ಪರ್ತ್‌ನಿಂದ ಬೆಂಗಳೂರಿಗೆ ಆರೂವರೆ ಸಾವಿರ ಕಿಲೋಮೀಟರ್ ಐತ್ರಿ. ಸಂಜಿಗೆ ಬಂದಾಳು."

"ಅದು ನಕ್ಷೆ ಮ್ಯಾಲೆ ಗೆರಿ ಎಳೆದ ದಾರಿ. ಹಂಗ ನೋಡಿದ್ರ ಸಂಡೂರಿಂದ ಹೊಸಪೇಟೆನೂ ಗೇಣು ದೂರ. ಘಾಟಿನ ತಿರುವು ಯಾರು ಎಣಿಸ್ತಾರ? ಸಿಂಗಪುರದಾಗ ವಿಮಾನ ಬ್ಯಾರೆ ಬದ್ಲಿ ಮಾಡಬೇಕು. ಒಂದಕ್ಕೆರಡು ಹಾಕ್ರಿ" ಎಂದ ಕೊಟ್ರಬಸಪ್ಪ.

ಅಷ್ಟರಲ್ಲಿ ಮಾವನ ಫೋನಿಗೆ ಸೌಜನ್ಯಳ ಮೆಸೇಜು ಬಂತು. ಬೆಂಗಳೂರಲ್ಲಿ ಇಳಿದಿದ್ದೇನೆ, ಕಾರು ಹತ್ತಿದೆ ಎಂದು.

ಕೊಟ್ರಬಸಪ್ಪ ಅಡ್ಡಡ್ಡ ತಲೆಯಾಡಿಸಿದ. "ನಾವು ಗಾಬರಿ ಆಗಬಾರದಂತ ಹಂಗಂತಾಳ. ಇನ್ನೂ ಸಿಂಗಪುರದಾಗ ಇರ್ತಾಳ. ನಾಳಿ ಮುಂಜಾನಿಗೆ ಮುಟ್ಟಿದ್ರ ದೊಡ್ಡದು."

ಅವನೇ ಎತ್ತಿ ಆಡಿಸಿದ ಹುಡುಗಿ. ಆದರೆ ಅಕ್ಕನ ಮುಖ ಆಗಲೇ ಬಾತುಕೊಳ್ಳುತ್ತಿತ್ತು, ದೇಹವನ್ನು ಇನ್ನೊಂದು ದಿನ ಇಡಲು ಯಾರಿಗೂ ಮನಸ್ಸಿರಲಿಲ್ಲ. ಇಳಿಹೊತ್ತಿಗೆ ಒಯ್ದರು. ಭಜನೆ ಆಯಿತು, ಕುಣಿಯಲ್ಲಿ ಕೂರಿಸಿದ್ದಾಯಿತು, ಎಲ್ಲರೂ ಮಣ್ಣು ಕೊಟ್ಟರು.

ಕುಣಿ ಮುಚ್ಚಿ ಮೇಲೆ ನೀರು ಹೊಡೆಯುವಾಗ ರಸ್ತೆಯಲ್ಲಿ ಕಾರು ನಿಂತಿತು. ಸೌಜನ್ಯ ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದಳು. ಹಸಿ ಮಣ್ಣು ನೋಡಿದವಳು ಅಳಲಿಲ್ಲ, ಬೈಯಲೂ ಇಲ್ಲ. ಮಾವನತ್ತ ತಿರುಗಿದಳು.

"ಹೊತ್ತು ಇನ್ನೂ ಮುಳುಗಿಲ್ಲಲ್ರಿ, ಮಾವ."

ಕೊಟ್ರಬಸಪ್ಪ ತಿರುಗಿ ನೋಡಿದ. ಗುಡ್ಡದ ಮೇಲೆ ಸೂರ್ಯ ಇನ್ನೂ ಮೊಳದುದ್ದ ಎತ್ತರದಲ್ಲಿದ್ದ. ಅಂಗೈಗೆ ಅಂಟಿದ ಕೆಂಪು ಮಣ್ಣನ್ನು ಪಂಚೆಗೆ ಒರೆಸಿಕೊಳ್ಳುತ್ತಾ, ಆ ಹೊತ್ತು ಮುಳುಗುವವರೆಗೂ ಅಲ್ಲೇ ನಿಂತಿದ್ದ.