ಎಡಗಡೆಯ ಕವಳ

ಗುತ್ಯಮ್ಮನ ಎಡದವಡೆಯ ಹಲ್ಲುಗಳು ಅಲುಗಾಡತೊಡಗಿ ಬಹಳ ದಿನಗಳಾಗಿದ್ದರೂ ಆಕೆ ಯಾರಿಗೂ ಹೇಳಿರಲಿಲ್ಲ. ವಸಡಿನಲ್ಲಿ ರಕ್ತ ಕಂಡಂದಿನಿಂದ ಹಲ್ಲುಜ್ಜುವುದನ್ನೇ ಬಿಟ್ಟಿದ್ದಳು. ನೋವಿಗೆ ಹೊಗೆಸೊಪ್ಪು ಒತ್ತಿದರಾಯಿತು ಎಂಬ ಸ್ವಂತ ವೈದ್ಯ ಬೇರೆ! ಕೊನೆಗೆ ಬಾಯಿವಾಸನೆ ತಡೆಯಲಾರದೆ ಮೊಮ್ಮಗಳು ಸುಚಿತ್ರಾ ಆಕೆಯನ್ನು ಆನಂದಪುರದಲ್ಲಿ ಬಸ್ಸು ಹತ್ತಿಸಿ ಸಾಗರಕ್ಕೆ ಎಳೆದುಕೊಂಡು ಬಂದಳು.

ಹಲ್ಲಿನ ಡಾಕ್ಟರು ದೀಪಶ್ರೀ ಬಾಯೊಳಗೆ ಕನ್ನಡಿ ಆಡಿಸಿದರು.

"ಎರಡೂ ಕಡೆ ವಸಡು ಹಾಳಾಗಿದೆಯಲ್ಲಮ್ಮಾ. ಎಡಗಡೆ ಇನ್ನೂ ಜಾಸ್ತಿ. ಕವಳ ಎರಡೂ ಕಡೆ ಇಡ್ತೀರಾ?"

"ಬಲಗಡೆದು ನಂದು," ಎಂದಳು ಗುತ್ಯಮ್ಮ, ಇದೇನು ಕೇಳುವ ಮಾತೇ ಎನ್ನುವಂತೆ. "ಎಡಗಡೆದು ನಮ್ಮನೆಯವ್ರದು."

ಸಂಜೆಯ ಊಟವಾದ ಮೇಲೆ ಜಗಲಿಯಲ್ಲಿ ಕೂತು ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಗಂಡ ಪುಟ್ಟಪ್ಪನಿಗೆ ಮೊದಲ ಕವಳ ಕೊಟ್ಟು, ಆಮೇಲೆ ತಾನು ಹಾಕಿಕೊಳ್ಳುವುದು ಮದುವೆಯಾದಾಗಿನಿಂದ ಬಂದ ರೂಢಿ. ಸುಣ್ಣ ಹೆಚ್ಚಾಯಿತೆಂದು ಅವನು ಗೊಣಗುತ್ತಿದ್ದ, ಗೊಣಗುತ್ತಲೇ ಇನ್ನೊಂದಕ್ಕೆ ಕೈಚಾಚುತ್ತಿದ್ದ. ಎಂಥ ಸುಖದ ಸಂಜೆಗಳವು! ಅವನು ತೀರಿಕೊಂಡ ಮೇಲೂ ಕೈ ಮಾತು ಕೇಳಬೇಕಲ್ಲ, ಎರಡೇ ಕಟ್ಟುತ್ತಿತ್ತು. ಅವನದನ್ನು ಎಸೆಯಲು ಮನಸ್ಸು ಬಾರದೆ ಎಡದವಡೆಗೆ ಸೇರಿಸಿಕೊಳ್ಳುತ್ತ ಬಂದಿದ್ದಳು.

"ಕವಳ, ಹೊಗೆಸೊಪ್ಪು ಎರಡೂ ಬಿಟ್ರೆ ಹಲ್ಲು ಉಳೀಬಹುದು. ಬಿಡದಿದ್ರೆ ನಾನೆಷ್ಟು ಕ್ಲೀನ್ ಮಾಡಿದ್ರೂ ಅಷ್ಟೇ," ಎಂದರು ಡಾಕ್ಟರು.

ಗುತ್ಯಮ್ಮನಿಗೆ ಹಲ್ಲಿನ ಚಿಂತೆ ಇರಲಿಲ್ಲ. "ನಂದು ಬಿಡ್ತೀನಿ. ಅವ್ರಿಗೆ ಕೊಡದು ಹೆಂಗೆ ಬಿಡ್ಲಿ?"

ಅಜ್ಜ ಈಗಿಲ್ಲವೆಂದು ಸುಚಿತ್ರಾ ಪಿಸುಗುಟ್ಟಿದಾಗ ಡಾಕ್ಟರು ಕನ್ನಡಿ ಕೆಳಗಿಟ್ಟರು. "ಕೊಡಿ. ನೀವು ತಿನ್ಬೇಡಿ."

ಮರಗಟ್ಟಿಸುವ ಸೂಜಿ ಚುಚ್ಚಿ, ಒಂದು ಕಡೆಯ ವಸಡಿನ ಒಳಗೆ ಗಾರೆಯಂತೆ ಕಟ್ಟಿದ್ದ ಕೊಳೆಯನ್ನು ಕೆರೆದು ತೆಗೆದರು. ಇನ್ನೊಂದು ಕಡೆಗೆ ಮುಂದಿನ ವಾರ ಬರಲು ಹೇಳಿ, ಮೆತ್ತನೆ ಬ್ರಶ್ಶು ಕೈಗಿಟ್ಟರು. ರಕ್ತ ಬಂತೆಂದು ಬಿಡಬಾರದು, ಪಾತ್ರೆ ತಿಕ್ಕಿದಂತೆಯೂ ತಿಕ್ಕಬಾರದು ಎಂದು ತೋರಿಸಿಕೊಟ್ಟರು.

ಆ ಸಂಜೆ ಗುತ್ಯಮ್ಮ ಒಂದೇ ಕವಳ ಕಟ್ಟಿದಳು. ಪುಟ್ಟಪ್ಪ ಕೂರುತ್ತಿದ್ದ ಜಾಗದಲ್ಲಿಟ್ಟು, ಬರಿಬಾಯಲ್ಲಿ ಚಡಪಡಿಸುತ್ತ ಹೋಗಿ ಮಲಗಿದಳು.

ಬೆಳಗ್ಗೆ ಬಂದು ನೋಡಿದರೆ ಕವಳ ಇಟ್ಟಲ್ಲೇ ಇತ್ತು. ಎಲೆ ಬಾಡಿತ್ತು, ಸುಣ್ಣ ಒಣಗಿತ್ತು. ಅವನು ಹೋದ ಮೇಲೆ ಅವನ ಕವಳ ಉಳಿದದ್ದು ಅಂದೇ ಮೊದಲು.

"ಹಂಗಾರೆ ನೀವು ಬರಾದಿಲ್ಲ," ಎಂದಳು.

ಗಂಡನ ಹೆಣದ ಮುಂದೆ ಕೂಡ ಕಣ್ಣೀರು ಹಾಕದವಳು ಜಗಲಿಯಲ್ಲಿ ಕೂತು ಮನಸಾರೆ ಅತ್ತಳು. ಆಮೇಲೆ ಬಚ್ಚಲಿಗೆ ಹೋಗಿ ಬ್ರಶ್ಶು ಒದ್ದೆ ಮಾಡಿಕೊಂಡು, ಮೊದಲು ಎಡಗಡೆಯದನ್ನು ಮೆಲ್ಲಗೆ ಉಜ್ಜತೊಡಗಿದಳು.