ಗುಡುಗು ನಿಂತ ಮೇಲೆ

‘ಅಳಿಸಲಾಗಿದೆ’ ಎಂದು ಪರದೆಯ ಮೇಲೆ ಮೂಡಿದ ನಂತರ ಮಧುಸೂದನ ಫೋಲ್ಡರಿನ ಹೆಸರನ್ನು ಮತ್ತೊಮ್ಮೆ ಓದಿದ. ಅಳಿಸಬೇಕಾದದ್ದು ಅದಲ್ಲ. ಹೋದದ್ದು ಬಾಲಚಂದ್ರ ಭಾಗವತರು ತಮ್ಮ ಕೊನೆಯ ಮಳೆಗಾಲದಲ್ಲಿ ಮನೆಯಲ್ಲೇ ಕೂತು ಹಾಡಿದ ಹನ್ನೊಂದು ಯಕ್ಷಗಾನ ಪದ್ಯಗಳು.

ಈ ಧ್ವನಿಮುದ್ರಣಗಳ ಸಂಗ್ರಹ ಕುಂದಾಪುರ, ಸಾಲಿಗ್ರಾಮ, ಕಿರಿಮಂಜೇಶ್ವರದ ಮೂರು ಮನೆಗಳಲ್ಲಿ, ಇಂಟರ್‌ನೆಟ್ಟಿನಿಂದ ಬೆಸೆದ ಮೂರು ಯಂತ್ರಗಳಲ್ಲಿತ್ತು. ಒಂದು ಕೆಟ್ಟರೂ ಉಳಿದವು ಇರಲಿ ಎಂದು. ಎರಡು ಒಪ್ಪಿದ್ದನ್ನು ಮೂರನೆಯದೂ ಒಪ್ಪಬೇಕೆಂಬ ನಿಯಮ ಬರೆದವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಇವನೇ. ಕುಂದಾಪುರದಲ್ಲಿ ಇವನು ಅಳಿಸಿದ್ದನ್ನು ಸಾಲಿಗ್ರಾಮ ಆಗಲೇ ಅಳಿಸಿತ್ತು. ಕಿರಿಮಂಜೇಶ್ವರದ ಮುಂದೆ ಮಾತ್ರ ಕೆಂಪು ಚುಕ್ಕೆ: ಸಂಪರ್ಕವಿಲ್ಲ.

ಆ ಯಂತ್ರವಿದ್ದದ್ದು ಭಾಗವತರ ಹೆಂಡತಿ ಗೋದಾವರಿಯ ಮನೆಯಲ್ಲಿ. ಗುಡುಗಿದರೆ ಅವರು ಟಿವಿ, ಫ್ರಿಜ್ಜಿನ ಜೊತೆಗೆ ಇದರ ಪ್ಲಗ್ಗನ್ನೂ ಕಿತ್ತಿಡುತ್ತಿದ್ದರು. ಮಳೆ ಬಿಟ್ಟೊಡನೆ ಹಾಕುತ್ತಿದ್ದರು. ಯಾವತ್ತೂ ತೆಗೆಯಬೇಡಿ ಎಂದು ಮೊನ್ನೆಯಷ್ಟೇ ಅವನು ದನಿಯೇರಿಸಿದ್ದ. ಈಗ ಅದು ಎಚ್ಚರಗೊಂಡರೆ ಉಳಿದೆರಡರ ಮಾತು ಕೇಳಿ ತಾನೂ ಅಳಿಸಿಬಿಡುತ್ತದೆ. ಕಿಟಕಿಯಾಚೆ ಬಿಸಿಲು ಬಂದಿತ್ತು. ಅವನು ಮಾಡಿದ ಫೋನು ಏಳು ಸಲ ರಿಂಗಾದ ಮೇಲೆ ಅವರು ಎತ್ತಿದರು.

"ಗೋದಕ್ಕ, ಆ ಮಿಷನ್ನಿನ ಪ್ಲಗ್ ಹಾಕ್ಬೇಡಿ."

"ತೆಗ್ದದ್ದಕ್ಕೆ ಮೊನ್ನೆ ಬೈದೆ. ಇವತ್ತ್ ಹಾಕುದಕ್ಕೂ ಬೈತ್ಯಾ ಮಾಣಿ?"

"ಹಾಕಿದ್ರ್ಯಾ?"

"ಕೈಯಗೆ ಹಿಡ್ಕಂಡಿದ್ದೆ. ಅಷ್ಟೊತ್ತಿಗೆ ನಿನ್ ಫೋನ್ ಬಂತಲ್ದಾ."

"ಹಾಂಗೇ ಇರ್ಲಿ, ನಾ ಬತ್ತೆ. ಭಾಗವತ್ರ ಪದ್ಯ ನನ್ ಕೈಯಿಂದ್ಲೇ ಅಳ್ದ್ ಹೋಯ್ತ್. ಈಗ ಇಪ್ಪುದ್ ಅದ್ರಗೆ ಮಾತ್ರ."

ಆ ಕಡೆ ಸ್ಟೂಲು ಎಳೆದ ಸದ್ದು ಕೇಳಿಸಿತು.

"ನಿಧಾನ ಬಾ. ರಸ್ತಿ ಒದ್ದಿ ಇತ್ತ್."

ಮುಕ್ಕಾಲು ಗಂಟೆಯ ನಂತರ ಅವನು ಒಳಗೆ ಬಂದಾಗ ಗೋದಾವರಿ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಪ್ಲಗ್ ಇನ್ನೂ ಮಡಿಲಲ್ಲಿತ್ತು. ಅವನು ಮೊದಲು ಇಂಟರ್‌ನೆಟ್ಟಿನ ವೈರನ್ನು ಕಿತ್ತು, ಆಮೇಲೆ ಪ್ಲಗ್ ಹಾಕಿದ. ಹನ್ನೊಂದೂ ಇದ್ದವು. ಪೆನ್‌ಡ್ರೈವಿಗೆ ನಕಲು ಮಾಡಿಕೊಂಡ ಮೇಲಷ್ಟೇ ಬೆವರು ಒರೆಸಿದ.

"ಒಂದ್ ಪದ್ಯ ಕೇಂಬನಾ?" ಎಂದರು ಗೋದಾವರಿ. "ಇಷ್ಟ್ ದಿನ ಇಲ್ಲೇ ಇದ್ದಿತ್. ನಾನ್ ಕೇಂಡದ್ದೇ ಇಲ್ಲ."

ಅವನು ಮೊದಲನೆಯದನ್ನು ಹಾಕಿದ. ಶ್ರುತಿಪೆಟ್ಟಿಗೆಯ ಸದ್ದು, ಒಂದು ಕೆಮ್ಮು. ಆಮೇಲೆ ಭಾಗವತರ ದನಿ: "ಗೋದಾ, ಆ ಫ್ಯಾನ್ ಬಂದ್ ಮಾಡ್."

ಗೋದಾವರಿ ಎದ್ದು ಹೋಗಿ ಫ್ಯಾನಿನ ಸ್ವಿಚ್ ಒತ್ತಿದರು. ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ಅಲ್ಲೇ ಗೋಡೆಯ ಬಳಿ ನಿಂತಿದ್ದರು.